ರೆಕ್ಕೆ ಬಾಗಿಲಿನ ಜೀಪು

ನಾನು ಭೀಮರಾಯನಗುಡಿಯ ಕ್ಯಾಂಪಿಗೆ ಕೆಲಸಕ್ಕೆ ಬಂದಾಗ ಕಾಲುವೆಗೆ ಇನ್ನೂ ನೀರು ಬಂದಿರಲಿಲ್ಲ. ಮಿಕ್ಕಿದ್ದೆಲ್ಲ ಬಂದಿತ್ತು. ಸಾಲು ಸಾಲು ಕ್ವಾರ್ಟರ್ಸು, ಚಹಾದಂಗಡಿಗಳು, ಎಲ್ಲೆಲ್ಲಿಂದಲೋ ಬಂದ ಕಲ್ಲು ಕೆಲಸದವರು, ಹಗಲಿಡೀ ಧೂಳೆಬ್ಬಿಸುವ ಟಿಪ್ಪರುಗಳು. ಸುರಪುರದ ಕಡೆಯ ಒಂದು ಹಳ್ಳಿಯ ಶಾಲೆ ಮಾಸ್ತರರ ಮಗಳಾದ ನಾನು, ಗುಲ್ಬರ್ಗಾದಲ್ಲಿ ನಕ್ಷೆ ಬಿಡಿಸುವ ಕೋರ್ಸು ಮುಗಿಸಿ, ಕಾಲುವೆ ಕಚೇರಿಯ ನಕ್ಷೆ ವಿಭಾಗದಲ್ಲಿ ಟ್ರೇಸರ್ ಆಗಿ ಸೇರಿದೆ. ಕ್ವಾರ್ಟರ್ಸಿನಲ್ಲಿ ನನ್ನ ಜೊತೆ ಅವ್ವ ಇದ್ದಳು.

ಟ್ರೇಸರ್ ಎಂದರೆ ಏನು ಕೆಲಸವೆಂದು ಊರಿನವರು ಕೇಳಿದಾಗ ಅಪ್ಪ, ‘ಕಾಲುವಿ ನಕ್ಷಾ ಮಾಡ್ತಾಳ’ ಎಂದು ಹೆಮ್ಮೆಯಿಂದ ಹೇಳುತ್ತಿದ್ದರು. ನಿಜ ಅಷ್ಟು ದೊಡ್ಡದಿರಲಿಲ್ಲ. ಬೇರೆಯವರು ಪೆನ್ಸಿಲಿನಲ್ಲಿ ಎಳೆದ ಗೆರೆಗಳ ಮೇಲೆ ಪಾರದರ್ಶಕ ಟ್ರೇಸಿಂಗ್ ಬಟ್ಟೆ ಹಾಸಿ, ಅದೇ ಗೆರೆಗಳ ಮೇಲೆ ಕಪ್ಪು ಶಾಯಿ ಎಳೆಯುವುದು ನನ್ನ ಕೆಲಸ. ಗೆರೆ ನನ್ನದಲ್ಲ, ಶಾಯಿ ಸರ್ಕಾರದ್ದು. ಕಾಲುವೆಯ ಅಡ್ಡ ಕೊಯ್ತದ ನಕ್ಷೆ ಎಲ್ಲಕ್ಕಿಂತ ಹೆಚ್ಚು: ಕೆಳಗೆ ಕಿರಿದು, ಮೇಲೆ ಅಗಲ, ಎರಡೂ ಬದಿ ಓರೆ. ಮೂರು ವರ್ಷ ಅದೊಂದೇ ಆಕಾರವನ್ನು ಎಳೆದೂ ಎಳೆದೂ, ಊಟದ ತಟ್ಟೆಯಲ್ಲಿ ರೊಟ್ಟಿ ಮುರಿದರೂ ಅದೇ ಆಕಾರದಲ್ಲಿ ಮುರಿಯುತ್ತಿತ್ತು.

ನಮ್ಮ ವಿಭಾಗಕ್ಕೆ ನಕ್ಷೆಯ ಪ್ರತಿ ಒಯ್ಯಲು ಒಬ್ಬ ಗುತ್ತೇದಾರರು ಬರುತ್ತಿದ್ದರು. ಶಹಾಪುರದವರು. ಕಾಲುವೆಯ ಒಂದು ತುಂಡಿಗೆ ಕಲ್ಲು ಹೊದಿಸುವ ಕೆಲಸ ಹಿಡಿದಿದ್ದರು. ದಪ್ಪ ಆಳು, ಯಾವಾಗಲೂ ಬಾಯಲ್ಲಿ ಎಲೆ ಅಡಿಕೆ, ಬಿಳಿ ಸಫಾರಿಯ ಮೇಲೆ ಅದರ ಒಂದಾದರೂ ಕೆಂಪು ಚುಕ್ಕೆ. ಒಂದು ದಿನ ಅವರು ನನ್ನ ಮೇಜಿನ ಮೇಲೆ ಇಂಗ್ಲಿಷ್ ಪತ್ರಿಕೆಯೊಂದನ್ನು ಬಿಚ್ಚಿಟ್ಟರು. ಹೈದರಾಬಾದಿನ ಫುಟ್‌ಪಾತಿನಲ್ಲಿ ಹಳೆ ಪುಸ್ತಕದವನ ಬಳಿ ಸಿಕ್ಕಿದ್ದಂತೆ. ನಡುವಿನ ಎರಡು ಪುಟ ತುಂಬ ಒಂದೇ ಕಾರು. ಕೊಡಲಿಯ ಅಲಗಿನ ಹಾಗೆ ಮುಂದೆ ಚೂಪು, ನೆಲಕ್ಕೆ ಅಂಟಿಕೊಂಡಂತೆ ತಗ್ಗು, ತಲೆಯ ಮೇಲೆ ಗಾಜಿನ ಮಾಡು, ಬಾಗಿಲುಗಳು ಪಕ್ಕಕ್ಕೆ ತೆರೆಯುವ ಬದಲು ಮೇಲಕ್ಕೆ ಎತ್ತಿಕೊಂಡು ಹದ್ದಿನ ರೆಕ್ಕೆಯಂತೆ ನಿಂತಿದ್ದವು.

‘ಬಾಯಾರ, ಇದರ ನಕ್ಷಾ ಮಾಡಿಕೊಡ್ತೀರೇನು?’ ಎಂದರು.

‘ಇದರದಾ? ಯಾಕ್ರಿ?’

‘ನನ್ನ ಹಂತ್ಯಾಕ ಒಂದು ಹಳೀ ಜೀಪ ಅದ. ಮ್ಯಾಲಿಂದು ತೆಗದು ಇದನ್ನ ಕೂಡಸ್ತೀನಿ. ಇದು ಮುಂದಿನ ಕಾಲದ ಕಾರಂತ. ಯಾದಗಿರಿ, ಶಹಾಪುರ, ಸುರಪುರ ಮೂರೂ ಊರಾಗ ಮುಂದಿನ ಕಾಲ ಮೊದಲ ನನ್ನ ಮನಿ ಮುಂದ ನಿಂದರಬೇಕು.’

ಸರ್ಕಾರಿ ನೌಕರಿಯವರು ಗುತ್ತೇದಾರರ ಕೆಲಸ ಮಾಡಿಕೊಡಬಾರದೆಂಬ ನಿಯಮ ನನಗೆ ಗೊತ್ತಿತ್ತು. ಆ ನಿಯಮದಲ್ಲಿ ಕಾರಿನ ಮಾತಿಲ್ಲ ಎಂದು ನನಗೆ ನಾನೇ ಹೇಳಿಕೊಂಡೆ. ರೊಕ್ಕ ಮುಟ್ಟುವುದಿಲ್ಲ, ಭಾನುವಾರ ಮಾತ್ರ ಮಾಡುತ್ತೇನೆ ಎಂದೂ ಹೇಳಿಕೊಂಡೆ. ಆಸೆಯಾದಾಗ ಮನುಷ್ಯನಿಗೆ ಎಷ್ಟು ಬೇಗ ಕಾನೂನು ಬರುತ್ತದೆ! ಮೊದಲ ಬಾರಿಗೆ ಯಾರೋ ನನಗೆ, ಯಾರೂ ಎಳೆಯದ ಗೆರೆಯನ್ನು ಎಳೆ ಎಂದು ಹೇಳಿದ್ದರು.

ನಿಘಂಟು ಹಿಡಿದುಕೊಂಡು ಆ ಪತ್ರಿಕೆಯ ಮೊದಲ ಪುಟವನ್ನಷ್ಟೇ ಓದಿದೆ. ಲೇಖನ ಉದ್ದ ಇತ್ತು, ಇಂಗ್ಲಿಷ್ ಕಠಿಣ ಇತ್ತು. ಇಂಥ ಕಾರುಗಳಿಗೆ ಕಾನ್ಸೆಪ್ಟ್ ಕಾರು ಎನ್ನುತ್ತಾರೆ, ದೊಡ್ಡ ದೊಡ್ಡ ಮೇಳಗಳಲ್ಲಿ ತೋರಿಸುತ್ತಾರೆ ಎಂಬಲ್ಲಿಗೆ ನಿಲ್ಲಿಸಿ ಪೆನ್ಸಿಲ್ ಹಿಡಿದೆ. ಓದುವುದಕ್ಕಿಂತ ಬಿಡಿಸುವ ಅವಸರ. ಮೂರು ಭಾನುವಾರದಲ್ಲಿ ಮುಂದಿನಿಂದ, ಪಕ್ಕದಿಂದ, ಮೇಲಿನಿಂದ, ಹಿಂದಿನಿಂದ ನಾಲ್ಕು ನಕ್ಷೆ ಸಿದ್ಧವಾದವು. ಗೋಡೆಗೆ ಅಂಟಿಸಿ ದೂರ ನಿಂತು ನೋಡಿದಾಗ ಎದೆ ತುಂಬಿ ಬಂತು. ಇನ್ನೂ ಸ್ವಲ್ಪ ಹೊತ್ತು ನೋಡಿದ ಮೇಲೆ, ಮುಂದಿನಿಂದ ಬಿಡಿಸಿದ ನಕ್ಷೆ ನಮ್ಮ ಕಾಲುವೆಯನ್ನೇ ತಲೆಕೆಳಗು ಮಾಡಿಟ್ಟಂತೆ ಇರುವುದು ಕಣ್ಣಿಗೆ ಬಿತ್ತು. ಕೆಳಗೆ ಅಗಲ, ಮೇಲೆ ಕಿರಿದು, ಎರಡೂ ಬದಿ ಓರೆ. ಓರೆಯ ಅಳತೆ ಕೂಡ ಕಾಲುವೆಯದೇ. ಮುಂದಿನ ಕಾಲವನ್ನು ಬಿಡಿಸಲು ಕೂತರೂ ಕೈ ತನಗೆ ರೂಢಿಯಾದದ್ದನ್ನೇ ಬಿಡಿಸಿತ್ತು. ಇದನ್ನು ಯಾರಿಗೂ ಹೇಳಲಿಲ್ಲ.

ಕಾರು ಕಟ್ಟಬೇಕಾದವರು ಉಸ್ತಾದರು. ಗುತ್ತೇದಾರರ ಶೆಡ್ಡಿನಲ್ಲಿ ಟಿಪ್ಪರು, ಮಿಕ್ಸರುಗಳ ರಿಪೇರಿ ನೋಡಿಕೊಳ್ಳುತ್ತಿದ್ದ ಹಿರಿಯ ಮಿಸ್ತ್ರಿ. ಶಹಾಪುರದಲ್ಲಿ ಹುಟ್ಟಿ ಹೈದರಾಬಾದಿನ ಬಸ್ ಬಾಡಿ ಕಟ್ಟುವ ಕಾರ್ಖಾನೆಯಲ್ಲಿ ಕೆಲಸ ಕಲಿತವರು. ಬಿಳಿ ಗಡ್ಡ, ಮೂಗಿನ ತುದಿಗೆ ಕನ್ನಡಕ. ನಾನು ಅವ್ವನನ್ನು ಕರೆದುಕೊಂಡು ಶೆಡ್ಡಿಗೆ ಹೋದೆ. ಅವ್ವ ಮೂಲೆಯಲ್ಲಿ ಕೂತು ಮೊರದಲ್ಲಿ ಜೋಳ ಹಸನು ಮಾಡತೊಡಗಿದಳು. ಉಸ್ತಾದರು ನನ್ನ ನಾಲ್ಕೂ ನಕ್ಷೆಗಳನ್ನು ನೆಲದ ಮೇಲೆ ಹಾಸಿ, ಸುತ್ತ ಒಂದು ಪ್ರದಕ್ಷಿಣೆ ಹಾಕಿ, ಕುಕ್ಕರಗಾಲಲ್ಲಿ ಕೂತರು.

‘ಭಾಳ ಛಂದ ಅದ್ರಿ ಬಾಯಾರ. ರೇಡಿಯೇಟರ್ ಎಲ್ಲಿ ಇಡ್ಲಿ?’

ನಾನು ರೇಡಿಯೇಟರನ್ನು ಲೆಕ್ಕಕ್ಕೇ ಹಿಡಿದಿರಲಿಲ್ಲ. ಜೀಪಿನ ರೇಡಿಯೇಟರ್ ಎದೆಯೆತ್ತರ ನೆಟ್ಟಗೆ ನಿಂತಿತ್ತು. ನನ್ನ ಕಾರಿನ ಮೂಗು ಮೊಣಕಾಲಿನಷ್ಟು ಎತ್ತರಕ್ಕೆ ಮುಗಿಯುತ್ತಿತ್ತು.

‘ಸ್ವಲ್ಪ ಮಲಗಿಸಿ ಇಡಾಕ ಬರಂಗಿಲ್ಲೇನ್ರಿ?’ ಎಂದೆ.

‘ಬರ್ತದ. ಆಮ್ಯಾಲ ಇಂಜಿನ್ನೂ ಮಲಗ್ತದ. ಕಾಗದದ ಮ್ಯಾಲ ಇಂಜಿನ್ ಬಿಸಿ ಆಗಂಗಿಲ್ರಿ ಬಾಯಾರ. ನನ್ನ ಕಡಿ ಬಂದ್ರ ಆಗ್ತದ.’

ಹಾಗೆ ಕೆಲಸ ಶುರುವಾಗುವ ಮುಂಚೆಯೇ ಮುಂದಿನ ಕಾಲದ ಮೂಗಿನ ಮೇಲೆ ರೇಡಿಯೇಟರ್ ಎತ್ತರದ ಒಂದು ಗುಳ್ಳೆ ಎದ್ದಿತು. ಟ್ರೇಸಿಂಗ್ ಬಟ್ಟೆಯ ಮೇಲಿನ ಶಾಯಿಯನ್ನು ರಬ್ಬರಿನಿಂದ ಅಳಿಸಲು ಬರುವುದಿಲ್ಲ. ಬ್ಲೇಡಿನ ಅಂಚಿನಿಂದ ಮೆಲ್ಲಗೆ ಕೆರೆಯಬೇಕು. ಅಂದು ಶೆಡ್ಡಿನಲ್ಲೇ ಕೂತು ನನ್ನ ಮೊದಲ ಗೆರೆಯನ್ನು ಕೆರೆದೆ. ಒಂದೇ ಗೆರೆ ತಾನೇ ಎಂದುಕೊಂಡೆ.

ಐದು ತಿಂಗಳಾಯಿತು. ಜೀಪಿನ ಹಳೆಯ ಮೈಯನ್ನೆಲ್ಲ ಕಿತ್ತು, ಕಬ್ಬಿಣದ ಪಟ್ಟಿಗಳ ಪಂಜರ ಕಟ್ಟಿ, ತಗಡು ಹೊದಿಸಿ, ಪುಟ್ಟಿ ಬಳಿದು, ತಿಕ್ಕಿ ತಿಕ್ಕಿ ನುಣುಪು ಮಾಡಿ ಉಸ್ತಾದರು ಅದಕ್ಕೆ ಆಕಾರ ತಂದರು. ಗುತ್ತೇದಾರರು ಹೈದರಾಬಾದಿನಿಂದ ಮಾಡಿಗೆ ದಪ್ಪ ಗಾಜು ತರಿಸಿದರು. ಎರಡು ಪಕ್ಕಕ್ಕೆ ಎರಡು, ಹಿಂದೆ ಒಂದು, ಹೀಗೆ ಮೂರು ರೆಕ್ಕೆ ಬಾಗಿಲು. ಮುಂದಿನ ದೀಪಗಳು ಮೂಗಿನೊಳಗೆ ಅಡಗಿ, ಒಂದು ತಂತಿ ಎಳೆದರೆ ರೆಪ್ಪೆ ತೆರೆದು ಮೇಲೇಳುತ್ತಿದ್ದವು. ಬೆಳ್ಳಿಯ ಬಣ್ಣ ಹೊಡೆದು ಶೆಡ್ಡಿನಿಂದ ಹೊರಗೆ ತಂದ ದಿನ ಇಡೀ ಕ್ಯಾಂಪು ಬಂದು ನೋಡಿತು. ನಾನು ಗುಂಪಿನ ಹಿಂದೆ ನಿಂತೆ. ಗುತ್ತೇದಾರರು ನನ್ನ ಹೆಸರು ಹೇಳಬಹುದೆಂದು ಹೊಸ ಸೀರೆ ಉಟ್ಟುಕೊಂಡು ಹೋಗಿದ್ದೆ. ಅವರು ಪತ್ರಿಕೆಯನ್ನು ಎತ್ತಿ ತೋರಿಸಿ, ‘ಇದನ್ನ ನೋಡಿ ನಾ ಮಾಡಿಸೀನಿ’ ಎಂದರು. ಹಿಂದಿನ ಬಾಗಿಲ ಮೇಲೆ ಕೆಂಪಕ್ಷರದಲ್ಲಿ ‘ತಾಯಿಯ ಆಶೀರ್ವಾದ’ ಎಂದು ಬರೆಸಿದ್ದರು.

ಆ ತಾಯಿಯನ್ನೇ ಮೊದಲು ಕೂರಿಸಿಕೊಂಡು ಕೆಂಭಾವಿಯ ನೆಂಟರ ಮನೆಗೆ ಹೋಗಿಬರುವುದೆಂದು ನಿಶ್ಚಯವಾಯಿತು. ಏನಾದರೂ ಕೆಟ್ಟರೆ ಇರಲಿ ಎಂದು ಉಸ್ತಾದರನ್ನು ಹಿಂದೆ ಕೂರಿಸಿದರು. ಕೆಂಭಾವಿಯಲ್ಲಿದ್ದ ನನ್ನ ಅಕ್ಕನ ಮನೆಗೆ ಹೋಗುವ ನೆಪ ಮಾಡಿಕೊಂಡು ನಾನೂ ಹತ್ತಿದೆ. ಬೇಸಿಗೆ ಬಂದಿತ್ತು. ಗುತ್ತೇದಾರರ ತಾಯಿ, ವಯಸ್ಸಾದ ಅಜ್ಜಿ, ಬಾಗಿಲ ಮುಂದೆ ನಿಂತು ರೆಕ್ಕೆ ಮೇಲೇಳುವುದನ್ನು ನೋಡಿ ಎರಡು ಹೆಜ್ಜೆ ಹಿಂದೆ ಸರಿದರು.

‘ಯವ್ವಾ, ಕೂಡು’ ಎಂದರು ಗುತ್ತೇದಾರರು.

‘ಎಲ್ಲಿ ಕೂಡಲೋ ತಮ್ಮಾ? ಕೆಳಗ ಹಾಸಿಗಿ ಹಾಸಿದಂಗ ಅದ.’

ನಾನೂ ಉಸ್ತಾದರೂ ಸೇರಿ ಅವರನ್ನು ಬಗ್ಗಿಸಿ, ಕಾಲು ಮಡಚಿ, ಒಳಗೆ ಇಳಿಸಿದೆವು. ಹತ್ತುವುದಲ್ಲ, ಇಳಿಸುವುದೇ ಸರಿ. ಕ್ಯಾಂಪು ದಾಟಿ ಎರಡು ಮೈಲಿ ಹೋಗುವುದರೊಳಗೆ ಗಾಜಿನ ಮಾಡಿನಿಂದ ಸೂರ್ಯ ನೇರ ನಡುನೆತ್ತಿಗೆ ಇಳಿದ. ಕಿಟಕಿಯ ಗಾಜು ಇಳಿಯುತ್ತಿರಲಿಲ್ಲ, ಚಿತ್ರದಲ್ಲಿದ್ದ ಕಾರಿನದೂ ಹಾಗೇ ಕಂಡಿತ್ತು. ಒಳಗೆ ರೊಟ್ಟಿಯ ಹಂಚಿನ ಕಾವು. ಅಜ್ಜಿ ಸೆರಗು ತಲೆಗೆ ಹೊದ್ದರು, ಸಾಲಲಿಲ್ಲ. ಕೊನೆಗೆ ಕೇಳಿದರು:

‘ತಮ್ಮಾ, ನನ್ನ ಒಣಾಕ ಹಾಕೀಯೇನು? ನಾ ಏನು ಹಪ್ಪಳಾ?’

‘ಇದು ಮುಂದಿನ ಕಾಲದ ಗಾಡಿ ಯವ್ವಾ.’

‘ಮುಂದಿನ ಕಾಲದಾಗ ಬಿಸಿಲು ಇರಂಗಿಲ್ಲೇನು?’

ಉತ್ತರಕ್ಕೆ ಕಾಯದೆ ಅಜ್ಜಿ ತಮ್ಮ ಕೈಚೀಲದಿಂದ ಕೊಡೆ ತೆಗೆದು ಕಾರಿನೊಳಗೇ ಬಿಚ್ಚಿದರು. ಕೆಂಭಾವಿಯ ಸಂತೆಯ ದಿನ ಅದು. ದಾರಿಯುದ್ದಕ್ಕೂ ಬಂಡಿಗಳಲ್ಲಿ ಹೋಗುತ್ತಿದ್ದ ಜನ, ಬೆಳ್ಳಿ ಬಣ್ಣದ ಕೊಡಲಿಯಂಥ ಗಾಡಿಯೊಳಗೆ ಒಬ್ಬ ಮುದುಕಿ ಕಪ್ಪು ಕೊಡೆ ಹಿಡಿದು ಕೂತಿರುವುದನ್ನು ನೋಡಿದರು. ಕೆಲವರು ಕೈ ಮುಗಿದರು. ಏನೆಂದುಕೊಂಡು ಮುಗಿದರೋ ತಿಳಿಯದು.

ಗುತ್ತೇದಾರರ ಪಾಡು ಬೇರೆ. ಅವರ ಬಾಯಿ ತುಂಬಿತ್ತು. ಕಿಟಕಿ ತೆರೆಯದ ಕಾರಿನಲ್ಲಿ ಉಗುಳಬೇಕೆಂದರೆ ನಿಲ್ಲಿಸಿ, ಚಿಲಕ ತೆಗೆದು, ಇಡೀ ರೆಕ್ಕೆ ಎತ್ತಬೇಕು. ಕೆಂಭಾವಿ ಮುಟ್ಟುವುದರೊಳಗೆ ಆ ಕಾರು ಏಳು ಸಲ ನಿಂತು ಒಂದೊಂದೇ ರೆಕ್ಕೆ ಎತ್ತಿತು. ದೂರದಿಂದ ನೋಡಿದವರಿಗೆ ಅದು ಹಾರಲು ಪ್ರಯತ್ನಪಟ್ಟು ಬಿಡುತ್ತಿದೆ ಎನಿಸಿರಬೇಕು. ಸಂತೆಯ ಬೀದಿಯಲ್ಲಿ ಕಡೆಯ ಸಲ ಎತ್ತಿದಾಗ ರೆಕ್ಕೆ ಒಂದು ಬಟ್ಟೆ ಅಂಗಡಿಯ ನೆರಳಿನ ತಗಡಿಗೆ ಬಡಿದು, ತಗಡು ಗಲ್ಲಾಪೆಟ್ಟಿಗೆಯ ಹಿಂದೆ ಕೂತಿದ್ದ ಸೇಟರ ಮುಂದೆ ಬಿತ್ತು. ಅಜ್ಜಿ ಅದೇ ಸಂದಿಯಲ್ಲಿ ಇಳಿದುಬಿಟ್ಟರು. ವಾಪಸು ಬಸ್ಸಿನಲ್ಲಿ ಬರುತ್ತೇನೆಂದರು, ಬಂದರು. ನಾನೂ ಅವರ ಜೊತೆ ಬಸ್ಸಿನಲ್ಲೇ ಬಂದೆ. ನನ್ನ ಪಕ್ಕ ಕೂತ ಅವರು ಕಿಟಕಿಯ ಗಾಳಿಗೆ ಮುಖ ಒಡ್ಡಿ, ‘ಆ ಗಾಡಿ ಯಾರು ಬರದಾರಂತ ಯವ್ವಾ? ಅವರ ಮನ್ಯಾಗ ಹಿರೇರು ಯಾರೂ ಇದ್ದಂಗಿಲ್ಲ’ ಎಂದರು. ನಾನು ಹ್ಞೂಂ ಅಂದೆ.

ಅಂದಿನಿಂದ ಕೆರೆಯುವ ಕೆಲಸ ಶುರು. ಮೊದಲು ಗಾಜಿನ ಮಾಡಿಗೆ ಸುಣ್ಣ ಬಳಿದರು. ಒಳಗೆ ಕೂತರೆ ಹಾಲಿನ ಪಾತ್ರೆಯಲ್ಲಿ ಕೂತಂತೆ. ಆಮೇಲೆ ಗಾಜು ತೆಗೆದು ತಗಡು ಕೂರಿಸಿದರು. ಮಳೆ ಬಿದ್ದು ಎರೆ ಮಣ್ಣಿನ ದಾರಿಯಲ್ಲಿ ಗಾಲಿಯ ತಗ್ಗು ಆಳವಾದಾಗ ಕಾರಿನ ಹೊಟ್ಟೆ ನಡುವಿನ ದಿಬ್ಬದ ಮೇಲೆ ಕೂತು, ನಾಲ್ಕೂ ಗಾಲಿ ಗಾಳಿಯಲ್ಲಿ ತಿರುಗಿದವು. ಎತ್ತುಗಳು ಎಳೆದು ತಂದವು. ಮೈಯನ್ನು ಒಂದು ಮೊಳ ಮೇಲಕ್ಕೆತ್ತಿದರು. ಮೇಲೆತ್ತಿದ ಮೇಲೆ ಮೂಗು ಚೂಪಾಗಿರುವುದಕ್ಕೆ ಅರ್ಥವಿಲ್ಲವೆಂದು ಉಸ್ತಾದರು ಅದನ್ನು ಕತ್ತರಿಸಿ ಮೊಂಡು ಮಾಡಿದರು. ಕಾಲುವೆ ಕೆಲಸದ ಧೂಳು ದೀಪದ ರೆಪ್ಪೆಗಳಲ್ಲಿ ಸೇರಿ ಒಂದು ಮೇಲೆದ್ದರೆ ಇನ್ನೊಂದು ಏಳುತ್ತಿರಲಿಲ್ಲ. ನೀರಿಗೆ ಹೋಗುವ ಹೆಣ್ಣುಮಕ್ಕಳಿಗೆ ಗುತ್ತೇದಾರರ ಕಾರು ಕಣ್ಣು ಹೊಡೆಯುತ್ತದೆಂದು ಸಗರ ಊರಿನ ಕಡೆಯಿಂದ ದೂರು ಬಂದ ಮೇಲೆ ದೀಪಗಳನ್ನು ಶಾಶ್ವತವಾಗಿ ಹೊರಗಿಟ್ಟು ತಂತಿ ಬಿಗಿದರು.

ಒಂದೊಂದು ಬದಲಾವಣೆಗೂ ಉಸ್ತಾದರು ನನ್ನನ್ನು ಕರೆಸುತ್ತಿದ್ದರು. ಬೇಕಿರಲಿಲ್ಲ, ನಕ್ಷೆ ಇಲ್ಲದೆಯೇ ಅವರು ಮಾಡಬಲ್ಲವರು. ‘ನೀವು ಬರದದ್ದು ನೀವಽ ಕೆರೀರಿ. ನಾ ಕೆರದ್ರ ಪಾಪ ಬರ್ತದ’ ಎನ್ನುತ್ತಿದ್ದರು. ಭಾನುವಾರ ಮಧ್ಯಾಹ್ನ ಶೆಡ್ಡಿನಲ್ಲಿ ಬ್ಲೇಡು ಹಿಡಿದು ಕೂತು ಗಾಜಿನ ಮಾಡನ್ನು ಕೆರೆದೆ, ಮೂಗನ್ನು ಕೆರೆದೆ, ದೀಪದ ರೆಪ್ಪೆಗಳನ್ನು ಕೆರೆದೆ. ಬಟ್ಟೆ ಅಲ್ಲಲ್ಲಿ ತೂತು ಬೀಳುವಷ್ಟು ತೆಳುವಾಯಿತು. ಒಂದು ದಿನ ಕಣ್ಣಲ್ಲಿ ನೀರು ಬಂತು. ಅವ್ವ ಮೊರದಿಂದ ತಲೆಯೆತ್ತಿ, ‘ಏನಾತ?’ ಎಂದಳು. ಜೋಳದ ಧೂಳು ಎಂದೆ.

ಕೊನೆಯ ಪೆಟ್ಟು ಗುಲ್ಬರ್ಗಾದಲ್ಲಿ ಬಿತ್ತು. ಗಾಡಿಯ ಪರವಾನಗಿಯ ಅವಧಿ ಮುಗಿದು ಸಾರಿಗೆ ಕಚೇರಿಯ ಬ್ರೇಕ್ ಇನ್ಸ್‌ಪೆಕ್ಟರರಿಗೆ ತೋರಿಸಬೇಕಾಗಿತ್ತು. ಹೋಗಿ ಬಂದ ಉಸ್ತಾದರು ನಡೆದದ್ದನ್ನು ನನಗೆ ಹೇಳಿದರು. ಇನ್ಸ್‌ಪೆಕ್ಟರರು ಸಭ್ಯ ಮನುಷ್ಯರು. ಗಾಡಿಯ ಸುತ್ತ ತಿರುಗಿ, ಕಾಗದ ನೋಡಿ, ಮತ್ತೆ ಗಾಡಿ ನೋಡಿ, ‘ಇದು ಯಾವ ಗಾಡಿ?’ ಎಂದರಂತೆ.

‘ಮುಂದಿನ ಕಾಲದ್ದರಿ’ ಎಂದರಂತೆ ಗುತ್ತೇದಾರರು.

‘ಕಾಗದದಾಗ ಜೀಪ ಅಂತ ಅದ. ಕಾಗದದಂಥ ಗಾಡಿ ತರ್ರಿ, ಇಲ್ಲಾ ಗಾಡಿಯಂಥ ಕಾಗದ ತರ್ರಿ.’

ಗಾಡಿಯಂಥ ಕಾಗದ ಕೊಡುವ ಕಚೇರಿ ಇಡೀ ದೇಶದಲ್ಲಿ ಇರಲಿಲ್ಲ. ಉಸ್ತಾದರು ಶೆಡ್ಡಿನ ಹಿಂದೆ ಎಸೆದಿದ್ದ ಹಳೆ ಜೀಪಿನ ಬಾನೆಟ್ಟನ್ನು ತಂದು ತೊಳೆದರು. ಪಕ್ಕದ ಎರಡೂ ರೆಕ್ಕೆಗಳನ್ನು ಕಿತ್ತು ಮಾಮೂಲಿ ಬಾಗಿಲು ಹಾಕಿದರು, ಇಳಿಯುವ ಗಾಜು ಕೂರಿಸಿದರು. ಒಂದು ವರ್ಷದ ಹಿಂದೆ ಶೆಡ್ಡಿನೊಳಗೆ ಹೋಗಿದ್ದ ಜೀಪು ಕೊಂಚ ಜಾಸ್ತಿ ಭಾರವಾಗಿ ಹೊರಗೆ ಬಂತು. ಗುತ್ತೇದಾರರ ತಾಯಿ ಬಂದು ನೋಡಿ, ‘ಈಗ ಗಾಡಿ ಆತು ನೋಡು’ ಎಂದು ತಾವಾಗಿಯೇ ಹತ್ತಿ ಕೂತರಂತೆ.

ಆ ವಾರ ಕಚೇರಿಯಲ್ಲಿ ಕೆಲಸ ಕಡಿಮೆಯಿತ್ತು. ಪತ್ರಿಕೆ ನನ್ನ ಬಳಿಯೇ ಉಳಿದಿತ್ತು. ಲೇಖನದ ಉಳಿದ ಪುಟಗಳನ್ನು ಓದಿದೆ. ಇಂಥ ಕಾರುಗಳನ್ನು ಮಾರುವುದಕ್ಕಾಗಿ ಮಾಡುವುದೇ ಇಲ್ಲವಂತೆ. ತಿರುಗುವ ಕಟ್ಟೆಯ ಮೇಲೆ ನಿಲ್ಲಿಸಿ ದೀಪ ಬಿಡುತ್ತಾರೆ. ಜನ ಏನೆನ್ನುತ್ತಾರೆ ಎಂದು ನೋಡುತ್ತಾರೆ. ಎಷ್ಟೋ ಕಾರಿನೊಳಗೆ ಇಂಜಿನ್ ಕೂಡ ಇರುವುದಿಲ್ಲ. ವರ್ಷಗಳಾದ ಮೇಲೆ ಅದೇ ಕಂಪನಿಯ ಸಾದಾ ಕಾರಿನಲ್ಲಿ ಅದರದೊಂದು ತುಣುಕು ಬಂದು ಕೂತಿರುತ್ತದೆ: ಕಿಟಕಿಯ ಓರೆ, ದೀಪದ ಆಕಾರ, ಬಾಗಿಲ ಹಿಡಿಕೆ. ಕೊಂಡವನಿಗೆ ಅದು ಎಲ್ಲಿಂದ ಬಂತೆಂದು ತಿಳಿದಿರುವುದಿಲ್ಲ. ಎಡಗಡೆ ಮೇಳದ ಕಾರು, ಬಲಗಡೆ ಸಾದಾ ಕಾರು, ಹೀಗೆ ಜೋಡಿ ಜೋಡಿ ಚಿತ್ರಗಳಿದ್ದವು. ಆ ವರ್ಷ ನನ್ನನ್ನೂ ಎರಡು ಸಲ ಗಂಡಿನ ಕಡೆಯವರಿಗೆ ತೋರಿಸಿದ್ದರು. ಮಾರುವುದಕ್ಕಲ್ಲದೆ ತೋರಿಸುವುದಕ್ಕಷ್ಟೇ ಇರುವ ವಸ್ತುವಿನ ಬಗ್ಗೆ ಓದುತ್ತ ನನಗೆ ಸ್ವಲ್ಪ ಹೊಟ್ಟೆಕಿಚ್ಚಾಯಿತು.

ಉಸ್ತಾದರಿಗೆ ಹೋಗಿ ಓದಿ ಹೇಳಿದೆ. ಅವರು ಕನ್ನಡಕ ತೆಗೆದು ಒರೆಸಿದರು.

‘ಇಂಜಿನ್ ಇರಂಗಿಲ್ಲಾ?’

‘ಇಲ್ಲಂತ್ರಿ.’

‘ಇದನ್ನ ಮೊದಲ ಓದಬಾರದೇನ್ರಿ ಬಾಯಾರ? ನಾ ರೇಡಿಯೇಟರ್ ಒಗದು ಆರಾಮ ಇರ್ತಿದ್ದೆ.’

ನಾವಿಬ್ಬರೂ ಹೊಟ್ಟೆ ಹಿಡಿದುಕೊಂಡು ನಕ್ಕೆವು. ನಕ್ಕ ಮೇಲೆ ಅವರು ಜೀಪಿನ ಹಿಂದಕ್ಕೆ ಹೋಗಿ, ‘ಇದೊಂದು ಉಳದದ ನೋಡ್ರಿ’ ಎಂದರು. ಹಿಂದಿನ ರೆಕ್ಕೆ ಬಾಗಿಲು. ಯಾರೂ ಅದರ ಮೇಲೆ ದೂರು ಹೇಳಿರಲಿಲ್ಲ, ಇನ್ಸ್‌ಪೆಕ್ಟರರೂ ಅದನ್ನು ಎತ್ತಿ ನೋಡಿರಲಿಲ್ಲ. ಹಾಗಾಗಿ ಅದು ಉಳಿದಿತ್ತು. ಕೆಳಗಿನಿಂದ ಮೇಲಕ್ಕೆ ಎತ್ತಿದರೆ ಮಾಡಿನ ಮಟ್ಟಕ್ಕೆ ಚಾಚಿ ನಿಲ್ಲುತ್ತಿತ್ತು. ನಿಲ್ಲಿಸಲು ಒಂದು ಕಬ್ಬಿಣದ ಸರಳು.

ಅದರ ಗುಣ ತಿಳಿದದ್ದು ಕಾಲುವೆಯ ದಂಡೆಯ ಮೇಲೆ. ನಮ್ಮ ಎರೆ ಹೊಲಗಳ ನಡುವೆ ಗಿಡಮರ ಕಡಿಮೆ. ಒಂದು ದಿನ ಅಳತೆಗೆಂದು ನಮ್ಮ ಕಚೇರಿಯ ಇಂಜಿನಿಯರ್ ಸಾಹೇಬರ ಜೊತೆ ನಾನೂ ಹೋಗಿದ್ದೆ. ಹನ್ನೆರಡರ ಬಿಸಿಲು. ಅಲ್ಲಿ ಗುತ್ತೇದಾರರ ಜೀಪು ನಿಂತಿತ್ತು. ಹಿಂದಿನ ಬಾಗಿಲು ಎತ್ತಿತ್ತು. ಅದರ ನೆರಳಲ್ಲಿ ಕಲ್ಲು ಕೆಲಸದ ಹೆಣ್ಣುಮಕ್ಕಳು ಐದಾರು ಮಂದಿ ಬುತ್ತಿ ಬಿಚ್ಚಿಕೊಂಡು ಕೂತಿದ್ದರು. ಒಬ್ಬಳು ಬಾಗಿಲಿನ ಒಳಮೈಯ ಕೊಂಡಿಗೆ ಸೀರೆಯ ಜೋಳಿಗೆ ಕಟ್ಟಿ ಕೂಸನ್ನು ಮಲಗಿಸಿದ್ದಳು. ಸಾಹೇಬರು ಬಂದದ್ದು ನೋಡಿ ಏಳಹೋದರು. ಸಾಹೇಬರು ‘ಕೂಡ್ರಿ ಕೂಡ್ರಿ’ ಎಂದು ತಾವೂ ಅದರ ಒಂದು ಮಗ್ಗುಲಿಗೆ ನಿಂತು, ಜೀಪಿನ ಹಿಂದಿನ ಹಲಗೆಯ ಮೇಲೆ ನಕ್ಷೆ ಹರವಿದರು. ನಾನು ಶಾಯಿ ಎಳೆದ ನಕ್ಷೆ, ನಾನು ಗೆರೆ ಎಳೆದ ಬಾಗಿಲ ನೆರಳಲ್ಲಿ. ಬಾಯಿ ಬಿಟ್ಟು ಹೇಳೋಣವೆನ್ನಿಸಿತು. ಅಷ್ಟರಲ್ಲಿ ಸಾಹೇಬರು, ‘ಗುತ್ತೇದಾರರು ಭಾಳ ತಲಿ ಓಡಿಸ್ಯಾರ’ ಎಂದರು.

ಕಾಲುವೆಗೆ ನೀರು ಬಿಟ್ಟ ಮೇಲೆ ಗುತ್ತೇದಾರರ ಕೆಲಸ ಮುಗಿಯಿತು. ಅವರು ಎಲ್ಲ ಸಾಹೇಬರ ಬಳಿಯೂ ಇದ್ದಂಥ ಬಿಳಿ ಕಾರು ಕೊಂಡರು. ಒಮ್ಮೆ ಯಾದಗಿರಿ ಸ್ಟೇಷನ್ನಿನ ಮುಂದೆ ಸಿಕ್ಕಾಗ, ‘ಎಲ್ಲಾರ ಹಂತ್ಯಾಕ ಇರೋದಽ ಛಲೋ ಬಾಯಾರ. ಎಲ್ಲಿ ಕೆಟ್ಟು ನಿಂತ್ರೂ ಸಾಮಾನು ಸಿಗ್ತಾವ’ ಎಂದರು. ಮುಂದಿನ ಕಾಲದ ಬಗ್ಗೆ ಅವರಿಗೆ ಈಗ ಅಂಥ ಅವಸರ ಇರಲಿಲ್ಲ. ಕಿಟಕಿಯ ಗಾಜು ಇಳಿಸಿ ನಿರಾಳವಾಗಿ ಉಗುಳಿದರು.

ಜೀಪನ್ನು ಕೆಂಭಾವಿಯ ಒಬ್ಬರಿಗೆ ಮಾರಿದ್ದರು. ಅವರು ಅದನ್ನು ಸಂತೆಗೆ ಜನ ಸಾಗಿಸಲು ಬಿಟ್ಟರು. ಹಿಂದಿನ ಬಾಗಿಲು ಎತ್ತಿಕೊಂಡೇ ಓಡಿಸಿದರೆ ಹಲಗೆಯ ಮೇಲೆ ಇನ್ನೂ ನಾಲ್ಕು ಮಂದಿ ಕಾಲು ಇಳಿಬಿಟ್ಟು ಕೂಡಬಹುದು, ಅವರ ತಲೆಗೆ ಬಿಸಿಲೂ ಮಳೆಯೂ ತಾಗದು ಎಂದು ಕಂಡುಹಿಡಿದವರು ಅವರೇ. ಇದು ನನ್ನ ನಕ್ಷೆಯಲ್ಲಿ ಇರಲಿಲ್ಲ. ಕಾನೂನಿನಲ್ಲೂ ಇರಲಿಲ್ಲ. ಒಂದು ಸುಗ್ಗಿ ಕಳೆಯುವುದರೊಳಗೆ ಸುರಪುರದ ಎರಡು ಜೀಪುಗಳು ಅಂಥದೇ ಬಾಗಿಲು ಹಾಕಿಸಿಕೊಂಡವು. ಆಮೇಲೆ ಶಹಾಪುರದವು, ಯಾದಗಿರಿಯವು. ಹತ್ತಿಕುಣಿಯ ರಸ್ತೆಯಲ್ಲಿ ಕೆರೆಯ ಮೀನು ಒಯ್ಯುವ ಟೆಂಪೊಗೂ ಅದನ್ನು ನೋಡಿದೆ. ಬಾಗಿಲು ಎತ್ತಿ, ನೆರಳಲ್ಲಿ ತಕ್ಕಡಿ ತೂಗುಹಾಕಿದ್ದರು. ಜನ ಅದನ್ನು ರೆಕ್ಕೆ ಬಾಗಿಲು ಎನ್ನುತ್ತಿದ್ದರು. ಒಮ್ಮೆ ಸುರಪುರಕ್ಕೆ ಹೋಗುವಾಗ ಅಂಥ ಜೀಪಿನ ಡ್ರೈವರನನ್ನು, ಈ ಬಾಗಿಲು ಎಲ್ಲಿಯದಪ್ಪಾ ಎಂದು ಕೇಳಿದೆ. ‘ಇದು ಮೊದಲಿಂದಾನೂ ಅದರಿ’ ಎಂದ.

ನನಗೆ ಮದುವೆಯಾಯಿತು, ಮಕ್ಕಳಾದರು. ಯಾದಗಿರಿಗೆ ವರ್ಗವಾಗಿ, ಟ್ರೇಸರಿನಿಂದ ಮೇಲೇರಿ ನಕ್ಷೆಗಾರಳಾದೆ. ಅಂದರೆ ಈಗ ನಾನು ಪೆನ್ಸಿಲಿನಲ್ಲಿ ಎಳೆದ ಗೆರೆಗಳ ಮೇಲೆ ಬೇರೊಬ್ಬಳು ಶಾಯಿ ಎಳೆಯುತ್ತಿದ್ದಳು.

ಉಸ್ತಾದರು ಶಹಾಪುರದ ಹೊರಗೆ ಯಾದಗಿರಿ ರಸ್ತೆಯಲ್ಲಿ ತಮ್ಮದೇ ಶೆಡ್ಡು ಹಾಕಿದ್ದಾರೆಂದು ಕೇಳಿದ್ದೆ. ಒಂದು ದಿನ ಕಚೇರಿ ಕೆಲಸದ ಮೇಲೆ ಹೋದವಳು ಅಲ್ಲಿ ಇಳಿದೆ. ಗಡ್ಡಕ್ಕೆ ಮದರಂಗಿ ಹಚ್ಚಿದ್ದರು. ನನ್ನ ಗುರುತು ಹಿಡಿಯಲು ಅರೆಗಳಿಗೆ ಬೇಕಾಯಿತು. ಸ್ಟೂಲು ಕೊಟ್ಟು, ಚಹಾ ತರಿಸಿದರು. ಶೆಡ್ಡಿನಲ್ಲಿ ಮೂರು ಗಾಡಿ ನಿಂತಿದ್ದವು, ಮೂರಕ್ಕೂ ಹಿಂದೆ ರೆಕ್ಕೆ ಬಾಗಿಲು.

‘ಉಸ್ತಾದ್ರ, ಇದನ್ನ ಯಾರು ಬರದ್ರು ಅಂತ ಗಿರಾಕಿಗೆ ಹೇಳ್ತೀರೇನ್ರಿ?’ ಎಂದೆ. ನಗುತ್ತಲೇ ಕೇಳಿದೆ, ಆದರೆ ಕೇಳಲೇಬೇಕೆಂದೇ ಅಲ್ಲಿ ಇಳಿದಿದ್ದೆ.

ಅವರು ಬಸಿಯಲ್ಲಿ ಚಹಾ ಆರಿಸುತ್ತ ಹೇಳಿದರು: ‘ಮೊದಮೊದಲ ಹೇಳೀನ್ರಿ. ಕಾಲುವಿ ಆಫೀಸಿನ ಬಾಯಾರು ಬರದಾರ ಅಂತ. ಯಾರೂ ನಂಬಲಿಲ್ಲ. ಒಬ್ಬಾಂವ ಅಂತೂ, ಹಂಗಾದ್ರ ಇದು ಗಟ್ಟಿ ಇರಂಗಿಲ್ಲ ಬಿಡು ಅಂದ. ಅವತ್ತಿನಿಂದ ಜರ್ಮನಿ ಡಿಜೈನ್ ಅಂತ ಹೇಳಾಕತ್ತೀನಿ. ಎಲ್ಲಾರೂ ಬಾಗಲ ಮುಟ್ಟಿ ನೋಡಿ, ಹೌದು, ಗಟ್ಟಿ ಅದ ಅಂತಾರ.’

ಸುಳ್ಳಿನಿಂದ ಬಾಗಿಲು ಗಟ್ಟಿಯಾಗಿತ್ತು. ಸಿಟ್ಟು ಬರಬೇಕಿತ್ತು, ಬಂತೂ ಕೂಡ. ಆದರೆ ಅವರು ಅದನ್ನು ಹೇಳಿದ ರೀತಿಯಲ್ಲಿ ನಾಚಿಕೆ ಇತ್ತು, ಮುಚ್ಚುಮರೆ ಇರಲಿಲ್ಲ. ಚಹಾ ಕುಡಿದೆ.

ಅಷ್ಟರಲ್ಲಿ ಆ ಮೂರರಲ್ಲಿ ಒಂದು ಗಾಡಿಯ ಮಾಲೀಕ, ಗೋಗಿ ಊರಿನವನು, ಕೈಯಲ್ಲಿ ಬಾಗಿದ ಸರಳು ಹಿಡಿದುಕೊಂಡು ಬಂದ. ರಸ್ತೆಯ ಕುಲುಕಾಟಕ್ಕೆ ಸರಳು ಜಾರಿ ಬಾಗಿಲು ಬಿದ್ದು, ಹಿಂದೆ ಕೂತಿದ್ದವನ ರುಮಾಲಿಗೆ ಬಡಿದಿತ್ತಂತೆ. ರುಮಾಲು ದಪ್ಪ ಇದ್ದುದರಿಂದ ತಲೆ ಉಳಿದಿತ್ತು. ‘ನಿಮ್ಮ ಜರ್ಮನಿಯವ್ರಿಗಿ ಹೇಳ್ರಿ, ಈ ಸರಳು ಸರಿ ಇಲ್ಲ’ ಎಂದು ಉಸ್ತಾದರ ಮೇಲೆ ರೇಗಿದ.

ಉಸ್ತಾದರು ನನ್ನ ಮುಖ ನೋಡಿದರು. ನಾನು ಎದ್ದು ಬಾಗಿಲನ್ನು ಎತ್ತಿ ಇಳಿಸಿ ನೋಡಿದೆ. ತಪ್ಪು ನನ್ನದೇ. ಒಂದೇ ಸರಳು, ಅದೂ ಒಂದೇ ಬದಿಗೆ. ನಿಂತ ಕಾರಿನ ಚಿತ್ರ ನೋಡಿ ಬಿಡಿಸಿದ್ದೆ, ಓಡುವ ಗಾಡಿಯ ಕುಲುಕಾಟ ಆ ವಯಸ್ಸಿನಲ್ಲಿ ತಲೆಗೆ ಹೊಳೆದಿರಲಿಲ್ಲ. ‘ಸೀಮೆಸುಣ್ಣ ಅದ ಏನ್ರಿ?’ ಎಂದೆ. ಕೊಟ್ಟರು. ನೆಲದ ಮೇಲೆ ಬಿದ್ದಿದ್ದ ತಗಡಿನ ಮೇಲೆ ಕುಕ್ಕರಿಸಿ ಕೂತು, ಎರಡೂ ಬದಿಗೆ ಎರಡು ಸರಳು, ಒಂದೊಂದರ ತುದಿಗೂ ಮಡಚಿದರೆ ಸಿಕ್ಕಿಕೊಳ್ಳುವ ಕೊಕ್ಕೆ, ಕೊಕ್ಕೆ ಕೂರಲು ಒಂದು ಕಚ್ಚು ಬರೆದೆ. ಅಳತೆ ಹಾಕಿದೆ. ಗೋಗಿಯವನು ಸೊಂಟದ ಮೇಲೆ ಕೈಯಿಟ್ಟು ನೋಡುತ್ತ ನಿಂತಿದ್ದ.

‘ಈ ಬಾಯಾರು ಯಾರ್ರಿ?’ ಎಂದು ಉಸ್ತಾದರನ್ನು ಕೇಳಿದ.

‘ಜರ್ಮನಿಯವ್ರು’ ಎಂದರು ಉಸ್ತಾದರು, ಒಂದು ಚೂರೂ ನಗದೆ, ತಗಡನ್ನು ಕತ್ತರಿಗೆ ಒಯ್ಯುತ್ತ.

ಅವನು ನನ್ನನ್ನು ಮೇಲಿಂದ ಕೆಳಗಿನ ತನಕ ಒಮ್ಮೆ ನೋಡಿದ. ಇಳಕಲ್ ಸೀರೆ, ಕೈಯಲ್ಲಿ ಊಟದ ಡಬ್ಬಿಯ ಚೀಲ, ಬೆರಳ ತುಂಬ ಸೀಮೆಸುಣ್ಣ. ಏನೋ ಕೇಳಬೇಕೆಂದು ಬಾಯಿ ತೆರೆದ. ಆಮೇಲೆ ಬೇಡವೆನಿಸಿರಬೇಕು. ಸಂಜೆಯೊಳಗೆ ಗಾಡಿ ಸಿಗ್ತದೇನು ಎಂದಷ್ಟೇ ಕೇಳಿದ. ಸಿಗುತ್ತದೆ ಎಂದೆ. ನನ್ನ ಬಸ್ಸು ಬಂತು, ಕೈ ಒರೆಸಿಕೊಂಡು ಓಡಿದೆ.